ಆಕ್ಟ್ರಿಯೋಟೈಡ್ ಎಲ್‌ಎಆರ್ ಕಿಟ್: ಔಷಧಕ್ಕೆ ಪೂರ್ತಿ ಅಂಕ, ಕಲಸುವ ಕೆಲಸಕ್ಕೆ ಅರ್ಧ

ಮೈಬಿಸಿ, ಮುಖ ಕೆಂಪಾಗುವುದು, ಬಿಡದೆ ಕಾಡುವ ಭೇದಿ. ನ್ಯೂರೋಎಂಡೋಕ್ರೈನ್ ಗೆಡ್ಡೆ (ಹಾರ್ಮೋನು ತಯಾರಿಸುವ ಜೀವಕೋಶಗಳಲ್ಲಿ ಹುಟ್ಟುವ ಗೆಡ್ಡೆ) ಸುರಿಸುವ ಹಾರ್ಮೋನಿನಿಂದ ಬರುವ ಈ ತೊಂದರೆಗಳನ್ನು ಹಿಡಿತಕ್ಕೆ ತರುವುದರಲ್ಲಿ ನಾಲ್ಕು ವಾರಕ್ಕೊಂದು ಚುಚ್ಚುವ ಆಕ್ಟ್ರಿಯೋಟೈಡ್ ಎಲ್‌ಎಆರ್ (ನಿಧಾನವಾಗಿ ಬಿಡುಗಡೆಯಾಗಿ ದೀರ್ಘಕಾಲ ಕೆಲಸ ಮಾಡುವ ಆಕ್ಟ್ರಿಯೋಟೈಡ್) ಔಷಧದ ಮೇಲೆ ಹೆಚ್ಚು ದೂರಿಲ್ಲ. ಗೆಡ್ಡೆಯ ಓಟವನ್ನೂ ಅದು ನಿಧಾನಿಸುತ್ತದೆ: 2009ರಲ್ಲಿ ಪ್ರಕಟವಾದ ಪ್ರೊಮಿಡ್ ಅಧ್ಯಯನದಲ್ಲಿ, ನಡುಗರುಳಿನ ಗೆಡ್ಡೆ ಮುಂದುವರಿಯಲು ಹಿಡಿದ ಮಧ್ಯಾಂಕ ಕಾಲ 30 ಮಿ.ಗ್ರಾಂ ಪಡೆದವರಲ್ಲಿ 14.3 ತಿಂಗಳು, ಹುಸಿಮದ್ದು ಪಡೆದವರಲ್ಲಿ 6 ತಿಂಗಳು. ತಕರಾರು ಇರುವುದು ಡಬ್ಬಿಯೊಳಗಿನ ಏರ್ಪಾಟಿನ ಬಗ್ಗೆ.

ಒಳಗೆ ಪುಡಿಯ ವಯಲ್ (ಪುಟ್ಟ ಸೀಸೆ), ದ್ರಾವಕ ತುಂಬಿದ ಸಿರಿಂಜ್, ಅವೆರಡನ್ನೂ ಜೋಡಿಸುವ ವಯಲ್ ಅಡಾಪ್ಟರ್, ಸೂಜಿ ಇರುತ್ತವೆ. ಪುಡಿ ಎಂದರೆ ಔಷಧವನ್ನು ಒಡಲಲ್ಲಿಟ್ಟುಕೊಂಡ ಸಣ್ಣ ಸಣ್ಣ ಪಾಲಿಮರ್ ಗುಂಡುಗಳು. ಅವು ಕರಗುವುದಿಲ್ಲ, ದ್ರವದಲ್ಲಿ ತೇಲುತ್ತವೆ ಅಷ್ಟೆ. ಎಲ್ಲ ರಗಳೆಗೂ ಮೂಲ ಇದೇ. ಫ್ರಿಜ್‌ನಿಂದ ತೆಗೆದು 30ರಿಂದ 60 ನಿಮಿಷ ಹೊರಗಿಡಬೇಕು. ತಣ್ಣಗಿದ್ದಾಗಲೇ ಕಲಸಿದರೆ ಗಂಟು ಉಳಿಯುತ್ತದೆ. ಅಡಾಪ್ಟರ್ ಟಕ್ ಎನ್ನುವವರೆಗೆ ಒತ್ತಿ, ದ್ರಾವಕವನ್ನೆಲ್ಲ ನಿಧಾನವಾಗಿ ಇಳಿಸಿ, ಐದು ನಿಮಿಷ ಅಲುಗಾಡಿಸದೆ ಬಿಡಬೇಕು. ಅವಸರದಲ್ಲಿ ಎಲ್ಲರೂ ಹಾರಿಸುವ ಹೆಜ್ಜೆ ಇದು. ಪುಡಿ ಪೂರ್ತಿ ನೆನೆಯದೆ ಅಲ್ಲಾಡಿಸಿದರೆ ಒಣಗಂಟುಗಳು ಸೂಜಿಗೆ ಅಡ್ಡ ಬರುತ್ತವೆ. ಆ ಐದು ನಿಮಿಷದಲ್ಲಿ ರೋಗಿಯನ್ನು ಮಲಗಿಸಿ ಜಾಗ ಸಿದ್ಧಮಾಡಿಕೊಳ್ಳುವುದು ಜಾಣತನ. ಆಮೇಲೆ ವಯಲನ್ನು ಅಡ್ಡಡ್ಡಲಾಗಿ, ಹದವಾಗಿ, ಕನಿಷ್ಠ 30 ಸೆಕೆಂಡ್ ಅಲ್ಲಾಡಿಸಬೇಕು. ಹಾಲಿನಂತೆ ಒಂದೇ ಸಮ ಆಗದಿದ್ದರೆ ಮತ್ತೆ 30 ಸೆಕೆಂಡ್. ಸಿರಿಂಜಿಗೆ ಎಳೆದ ಮೇಲೆ ಫೋನ್ ನೋಡುತ್ತ ನಿಂತರೆ ಗುಂಡುಗಳು ತಳಕ್ಕಿಳಿದು ಸೂಜಿ ಕಟ್ಟುತ್ತದೆ, ಡೋಸ್‌ನಲ್ಲಿ ಒಂದಷ್ಟು ಸಿರಿಂಜಿನಲ್ಲೇ ಉಳಿಯುತ್ತದೆ. ಚುಚ್ಚುವುದು ಪೃಷ್ಠದ ಸ್ನಾಯುವಿನ ಆಳಕ್ಕೆ, ಒಂದು ಸಲ ಎಡ, ಮುಂದಿನ ಸಲ ಬಲ. ತೋಳಿಗೆ ಕೂಡದು, ರಕ್ತನಾಳಕ್ಕಂತೂ ಬೇಡವೇ ಬೇಡ.

ಮೊದಲ ಡೋಸ್ ಬಿದ್ದ ಮರುದಿನವೇ ಭೇದಿ ನಿಲ್ಲಲಿಲ್ಲವೆಂದು ಔಷಧವನ್ನು ಬೈಯುವುದು ನ್ಯಾಯವಲ್ಲ. ಗುಂಡುಗಳು ಬಿಚ್ಚಿಕೊಳ್ಳಲು ಸಮಯ ಬೇಕು. ಅದಕ್ಕೇ ಮೊದಲ ಎರಡು ವಾರ ಚರ್ಮದಡಿ ಕೊಡುವ ಸಾಮಾನ್ಯ ಆಕ್ಟ್ರಿಯೋಟೈಡ್ ಮುಂದುವರಿಯುತ್ತದೆ. ದೀರ್ಘಕಾಲದಲ್ಲಿ ಪಿತ್ತಕೋಶದ ಕಲ್ಲು, ಸಕ್ಕರೆಯ ಏರಿಳಿತ, ಬಿ12 ಕೊರತೆ ಕಾಣಿಸಬಹುದು. ಮಲ ಜಿಡ್ಡಾಗಿ ತೇಲತೊಡಗಿದರೆ ಅದನ್ನು ರೋಗ ಮರುಕಳಿಸಿತೆಂದು ತಿಳಿದು ಡೋಸ್ ಏರಿಸುವ ಮೊದಲು, ಔಷಧವೇ ಮೇದೋಜೀರಕದ ಕಿಣ್ವಗಳನ್ನು ತಗ್ಗಿಸಿದೆಯೇ ಎಂದು ನೋಡಬೇಕು. ಹಾಗಿದ್ದರೆ ಊಟದ ಜೊತೆ ಕಿಣ್ವದ ಕ್ಯಾಪ್ಸೂಲ್ ಸಾಕಾಗಬಹುದು.

ಕಲಸುವ ಕಾಟವೇ ಬೇಡವೆನ್ನುವವರಿಗೆ ಇದೇ ಬಗೆಯ ಇನ್ನೊಂದು ಔಷಧ ಲ್ಯಾನ್ರಿಯೋಟೈಡ್ ಇದೆ: 120 ಮಿ.ಗ್ರಾಂ, ಸಿರಿಂಜಿನಲ್ಲಿ ಸಿದ್ಧವಾಗಿಯೇ ಬರುತ್ತದೆ, ಚರ್ಮದಡಿ ಆಳಕ್ಕೆ. ಆದರೆ ಗಟ್ಟಿ ಜೆಲ್. ಅದನ್ನೂ ಅರ್ಧ ಗಂಟೆ ಹೊರಗಿಟ್ಟು, ಸುಮಾರು 20 ಸೆಕೆಂಡ್ ತೆಗೆದುಕೊಂಡು ನಿಧಾನವಾಗಿ ಒತ್ತಬೇಕು. ಸೂಜಿಯೂ ದಪ್ಪ.

ಎರಡರಲ್ಲಿ ಯಾವುದೇ ಇರಲಿ, ಈ ಗೆಡ್ಡೆಗಳನ್ನು ಹುಡುಕುವ ಗ್ಯಾಲಿಯಂ ಡೋಟಾಟೇಟ್ ಪೆಟ್ ಸ್ಕ್ಯಾನ್ ಇದ್ದರೆ ದಿನಾಂಕವನ್ನು ಮುಂದಿನ ಚುಚ್ಚುಮದ್ದಿಗೆ ತುಸು ಮೊದಲು ಇಟ್ಟುಕೊಳ್ಳಬೇಕು. ಸ್ಕ್ಯಾನಿನ ಔಷಧವೂ ಈ ಚುಚ್ಚುಮದ್ದೂ ಅಂಟಿಕೊಳ್ಳುವುದು ಗೆಡ್ಡೆಯ ಜೀವಕೋಶದ ಮೇಲಿನ ಒಂದೇ ಗ್ರಾಹಿಗೆ (ರಿಸೆಪ್ಟರ್).