ಕ್ಲೈಡ್ಸ್‌ಡೇಲ್ ಕೊಂಡೆ, ಪರ್ಶರಾನ್ ಉಳಿಸಿಕೊಂಡೆ

ಮೊದಲೇ ಹೇಳಿಬಿಡುತ್ತೇನೆ. ಗಾಡಿ, ನೇಗಿಲು ಎಳೆಯಲೆಂದು ಬೆಳೆಸಿದ ಭಾರಿ ತಳಿಯ ಕುದುರೆಯನ್ನು ಸವಾರಿಗೆಂದು ಕೊಳ್ಳುವ ಮನಸ್ಸಿದ್ದು, ನನ್ನ ಹಾಗೆ ಹಗಲೆಲ್ಲ ಕೆಲಸ ಮಾಡಿ ಸಂಜೆ ಮಾತ್ರ ಲಾಯಕ್ಕೆ ಬರುವವರಾದರೆ, ಪರ್ಶರಾನ್ ಕೊಳ್ಳಿ. ಬೇರೆಯವರ ಶೈರ್ ತಳಿಯ ಒಂದನ್ನು ಮೂರು ತಿಂಗಳು ಖರ್ಚಿನಲ್ಲಿ ಪಾಲು ಕೊಟ್ಟು ಸವಾರಿ ಮಾಡಿದ್ದೇನೆ. ಕ್ಲೈಡ್ಸ್‌ಡೇಲ್ ಹೆಣ್ಣೊಂದನ್ನು ಕೊಂಡು ಹದಿನಾಲ್ಕು ತಿಂಗಳು ಸಾಕಿದ್ದೇನೆ. ಬೂದು ಬಣ್ಣದ ಪರ್ಶರಾನ್ ನನ್ನ ಬಳಿ ಬಂದು ಈಗ ಎರಡನೆಯ ವರ್ಷ.

ನಾನಿರುವುದು ಸ್ಕಾಟ್ಲೆಂಡಿನ ಲ್ಯಾನಾರ್ಕ್‌ಷೈರ್‌ನಲ್ಲಿ. ಕ್ಲೈಡ್ ನದಿಯ ಈ ಕಣಿವೆಯೇ ಕ್ಲೈಡ್ಸ್‌ಡೇಲ್ ತಳಿಯ ತವರು. 1877ರಲ್ಲೇ ಅದಕ್ಕೊಂದು ಸಂಘ ಹುಟ್ಟಿತು. ಇಲ್ಲಿ ನಿಂತು ಫ್ರಾನ್ಸಿನ ಪರ್ಶ್ ಸೀಮೆಯ ಕುದುರೆಯನ್ನು ಹೊಗಳಿದರೆ ಅಕ್ಕಪಕ್ಕದವರಿಗೆ ಬೇಸರವಾಗುತ್ತದೆ. ಆದರೂ ಹೇಳಬೇಕು.

ನಮ್ಮ ತಂದೆ ಹಳ್ಳಿಕಾರ್ ಎತ್ತು ಕಟ್ಟಿದವರು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಅವರು ಹಲ್ಲು ನೋಡಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡಿದ ಮೇಲೆಯೇ ವ್ಯಾಪಾರಕ್ಕೆ ಕೈ ಕೊಡುತ್ತಿದ್ದರು. ಕ್ಲೈಡ್ಸ್‌ಡೇಲ್ ಕೊಳ್ಳುವಾಗ ನಾನೂ ಅದನ್ನೆಲ್ಲ ಮಾಡಿದೆ. ಹಲ್ಲು ನೋಡಿದೆ, ಗೊರಸು ಎತ್ತಿಸಿದೆ, ದುಡುಕಿಯಲ್ಲಿ, ಅಂದರೆ ಕುಕ್ಕುಲೋಟದಲ್ಲಿ, ಓಡಿಸಿ ನೋಡಿದೆ. ಮೊಣಕಾಲಿನ ಕೆಳಗಿನಿಂದ ಗೊರಸನ್ನು ಮುಚ್ಚುವಷ್ಟು ಇಳಿಬಿದ್ದ ಬಿಳಿ ಕೂದಲನ್ನು ಮಾತ್ರ ಕಣ್ತುಂಬ ನೋಡಿದೆನೇ ಹೊರತು ಅದರೊಳಗೆ ಬೆರಳು ಹಾಕಲಿಲ್ಲ. ಇಲ್ಲಿನವರು ಅದಕ್ಕೆ ಫೆದರ್ ಎನ್ನುತ್ತಾರೆ. ಆ ಅಂದಕ್ಕೇ ನಾನು ಐದೂವರೆ ಸಾವಿರ ಪೌಂಡ್ ಕೊಟ್ಟದ್ದು.

ನವೆಂಬರಿನಲ್ಲಿ ಅದು ಕಾಲು ಬಡಿಯತೊಡಗಿತು. ನೊಣವಿಲ್ಲದ ಚಳಿಗಾಲದಲ್ಲಿ ಕುದುರೆ ರಾತ್ರಿಯೆಲ್ಲ ಹಿಂಗಾಲನ್ನು ನೆಲಕ್ಕೆ ಅಪ್ಪಳಿಸುತ್ತಿದ್ದರೆ ಅದು ಬರಿಯ ಚೇಷ್ಟೆಯಲ್ಲ ಎಂದು ನನಗೆ ತಿಳಿಯಲು ಎರಡು ವಾರ ಹಿಡಿಯಿತು. ಒಂದು ಸಂಜೆ ತಲೆಗೆ ಟಾರ್ಚ್ ಕಟ್ಟಿಕೊಂಡು ಕುಳಿತು ಕೂದಲನ್ನು ಸಾಲುಸಾಲಾಗಿ ಬಿಡಿಸಿ ನೋಡಿದೆ. ಗೊರಸಿನ ಮೇಲಿನ ಹಿಂಬದಿಯ ಮಡಿಕೆಯಲ್ಲಿ ಹಕ್ಕಳೆ ಒಂದರ ಮೇಲೊಂದು ಕಟ್ಟಿತ್ತು. ಒಂದನ್ನು ಉಗುರಿನಿಂದ ಸ್ವಲ್ಪ ಸರಿಸಿದ್ದಕ್ಕೇ ಬೆರಳಿಗೆ ರಕ್ತ ಬಂತು. ಚರ್ಮ ಕೈಗೆ ಬಿಸಿಯಾಗಿತ್ತು. ಪಶುವೈದ್ಯರು ಹೊಟ್ಟನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳಿದರು: ಕೋರಿಯಾಪ್ಟಿಸ್ ನುಸಿ.

ಈ ನುಸಿಯ ಪೀಡೆ ಏನೆಂದರೆ ಅದು ರಕ್ತ ಹೀರುವುದಿಲ್ಲ. ಚರ್ಮದ ಮೇಲಿನ ಹೊಟ್ಟು ತಿಂದು ಬದುಕುತ್ತದೆ. ಹಾಗಾಗಿ ರಕ್ತಕ್ಕೆ ಸೇರುವ ಚುಚ್ಚುಮದ್ದೊಂದೇ ಅದನ್ನು ಪೂರ್ತಿ ಮುಗಿಸುವುದಿಲ್ಲ. ಕೂದಲನ್ನು ಬುಡದವರೆಗೆ ಕತ್ತರಿಸಬೇಕು, ಚರ್ಮಕ್ಕೆ ನೇರವಾಗಿ ಔಷಧಿ ಮುಟ್ಟಿಸಬೇಕು, ಮತ್ತೆ ಮತ್ತೆ ಮಾಡಬೇಕು. ಲಾಯದಲ್ಲಿ ಹಾಸಿದ ಹುಲ್ಲಿನಲ್ಲೂ ಅದು ವಾರಗಟ್ಟಲೆ ಬದುಕಿರುವುದರಿಂದ ಹಾಸನ್ನೆಲ್ಲ ಹೊರಹಾಕಿ ಗೋಡೆ ತೊಳೆಯಬೇಕು. ಜೊತೆಗಿರುವ ಕುದುರೆಗಳಿಗೂ ಚಿಕಿತ್ಸೆ ಆಗಬೇಕು. ಯಾವ ಅಂದಕ್ಕೆ ಹಣ ಕೊಟ್ಟಿದ್ದೆನೋ ಅದನ್ನೇ ಕತ್ತರಿಯಿಂದ ನೆಲಕ್ಕೆ ಬೀಳಿಸಿದ ದಿನ ನನಗೆ ನಿಜಕ್ಕೂ ಅಳು ಬಂತು.

ನಾನು ಮಾಡಿದ ಇನ್ನೊಂದು ತಪ್ಪು, ದಿನವೂ ಕೆಸರು ತೊಳೆದದ್ದು. ಅಷ್ಟು ದಟ್ಟ ಕೂದಲಿನಡಿಯ ಚರ್ಮ ಇಲ್ಲಿನ ಹವೆಯಲ್ಲಿ ಬೆಳಗಿನವರೆಗೂ ಒಣಗುವುದಿಲ್ಲ. ತೇವ ನಿಂತಲ್ಲಿ ಕೆಸರುಹುಣ್ಣು ಏಳುತ್ತದೆ. ಕೆಸರು ಒಣಗಲು ಬಿಟ್ಟು ಬ್ರಶ್ಶಿನಿಂದ ಉದುರಿಸುವುದೇ ಸರಿ. ಹಂದಿಯೆಣ್ಣೆ ಎಂದು ಇಲ್ಲಿ ಕರೆಯುವ ಎಣ್ಣೆಗೆ ಗಂಧಕದ ಪುಡಿ ಕಲಸಿ ಕಾಲಿಗೆ ಹಚ್ಚುವುದು ಹಳಬರ ಪದ್ಧತಿ. ಮೊದಲು ಅಂಗೈಯಗಲ ಹಚ್ಚಿ ಒಂದು ದಿನ ಕಾಯಿರಿ, ಕೆಲವು ಕುದುರೆಗಳ ಚರ್ಮಕ್ಕೆ ಅದು ಒಗ್ಗುವುದಿಲ್ಲ. ನನ್ನದಕ್ಕೆ ಒಗ್ಗಿತು. ಆದರೆ ನಾಲ್ಕು ಕಾಲಿಗೆ ಹಚ್ಚಿ ಮುಗಿಸುವಷ್ಟರಲ್ಲಿ ಸಂಜೆಯ ನನ್ನ ಒಂದು ಗಂಟೆ ಮುಗಿದಿರುತ್ತಿತ್ತು. ಆ ಚಳಿಗಾಲ ನಾನು ಸವಾರಿ ಮಾಡಿದ್ದು ಒಟ್ಟು ಒಂಬತ್ತು ಸಲ.

ಅದರ ಸ್ವಭಾವ ಮಾತ್ರ ಚಿನ್ನ. ಕತ್ತರಿ, ಔಷಧಿ, ನೋವು ಎಲ್ಲವನ್ನೂ ತಲೆ ನನ್ನ ಭುಜಕ್ಕೆ ಒರಗಿಸಿ ಸಹಿಸಿತು. ಈಗ ಒಣ ನೆಲವಿರುವ, ಹಗಲೂ ಮನೆಯಲ್ಲಿರುವ ದಂಪತಿಯ ಬಳಿ ಇದೆ. ಕೂದಲು ಮತ್ತೆ ಬೆಳೆದಿದೆಯಂತೆ.

ಶೈರ್ ವಿಷಯ ಒಂದೆರಡು ಮಾತಲ್ಲಿ ಮುಗಿಯುತ್ತದೆ. ನಾನು ಏರುತ್ತಿದ್ದದ್ದು ಹದಿನೆಂಟು ಹ್ಯಾಂಡ್, ಅಂದರೆ ಭುಜವೇ ಆರಡಿ. ದಾರಿಯಲ್ಲಿ ಗೇಟು ತೆರೆಯಲು ಇಳಿದರೆ ಮತ್ತೆ ಹತ್ತಲು ಕಲ್ಲುಗೋಡೆ ಹುಡುಕಬೇಕು. ಕಾಲಿನ ಕೂದಲು ಕ್ಲೈಡ್ಸ್‌ಡೇಲ್‌ನಷ್ಟೇ.

ಪರ್ಶರಾನ್ ಕಾಲು ಬೋಳು. ಗೊರಸಿನ ಹಿಂದೆ ಒಂದು ಕುಚ್ಚು ಕೂದಲು, ಅಷ್ಟೇ. ಹತ್ತು ನಿಮಿಷದಲ್ಲಿ ಕಾಲು ನೋಡಿ, ಒರೆಸಿ, ಜೀನು ಹಾಕಿ ಹೊರಡುತ್ತೇನೆ. ದುಡುಕಿ ಹಗುರ, ನಡುವಿಗೆ ನೋವಿಲ್ಲ. ಅದಕ್ಕೂ ಕುಂದುಗಳಿವೆ. ಬೆನ್ನು ಹಾಸಿಗೆಯಂತೆ ಸಪಾಟು, ಭುಜದ ಏರು ಕಡಿಮೆ. ಒಂದೇ ಕಡೆ ರಿಕಾಪಿಗೆ ಭಾರ ಬಿಟ್ಟು ಹತ್ತಿದರೆ ಜೀನು ಪಕ್ಕಕ್ಕೆ ಹೊರಳುತ್ತದೆ. ಕಟ್ಟೆ ಮೇಲಿನಿಂದಲೇ ಹತ್ತಿ, ಅಗಲವಾದ ಜೀನನ್ನು ಅಳತೆ ಕೊಟ್ಟೇ ಮಾಡಿಸಿ. ಇನ್ನೊಂದು ದೊಡ್ಡ ಮಾತು: ಸಕ್ಕರೆಯನ್ನು ಸ್ನಾಯುವಿನಲ್ಲಿ ಅತಿಯಾಗಿ ಕೂಡಿಡುವ ಪಿಎಸ್‌ಎಸ್‌ಎಮ್ ಎಂಬ ವಂಶವಾಹಿ ತೊಂದರೆ ಶೈರ್, ಕ್ಲೈಡ್ಸ್‌ಡೇಲ್‌ಗಳಲ್ಲಿ ಅಪರೂಪ, ಪರ್ಶರಾನ್ ಮತ್ತು ಬೆಲ್ಜಿಯನ್ ತಳಿಗಳಲ್ಲಿ ಹೆಚ್ಚು. ಅಯಾಲಿನ, ಅಂದರೆ ಕತ್ತಿನ ಮೇಲಿನ, ಕೂದಲನ್ನು ಬೇರುಸಹಿತ ಕಿತ್ತು ಪರೀಕ್ಷೆಗೆ ಕಳುಹಿಸಿದರೆ ತಿಳಿಯುತ್ತದೆ. ಫಲಿತಾಂಶ ಬರುವವರೆಗೆ ಮುಂಗಡ ಕೊಡಬೇಡಿ.

ಖರ್ಚಿನಲ್ಲಿ ಮೂರೂ ಒಂದೇ. ಜಂತುಮದ್ದಿನ ಒಂದು ಸಿರಿಂಜ್ ಸಾಮಾನ್ಯವಾಗಿ 600ರಿಂದ 700 ಕಿಲೋ ತೂಕದ ಕುದುರೆಗೆ. ಎಂಟುನೂರು ಕಿಲೋ ತೂಗುವ ನಮ್ಮದಕ್ಕೆ ಎರಡನೆಯದನ್ನೂ ಒಡೆಯಲೇಬೇಕು. ಒಣಹುಲ್ಲು ದಿನಕ್ಕೆ ಹದಿನಾಲ್ಕು ಕಿಲೋ. ಲಾಳಕ್ಕೆ ಮಾಮೂಲಿ ಕುದುರೆಗಿಂತ ಸುಮಾರು ಒಂದೂವರೆ ಪಟ್ಟು ಕೊಡುತ್ತೇನೆ.

ಒಣ ನೆಲ, ಕೈತುಂಬ ಸಮಯ ಎರಡೂ ಇರುವವರು ಕ್ಲೈಡ್ಸ್‌ಡೇಲ್ ನೋಡಲು ಹೋಗಿ, ಖಂಡಿತ ಹೋಗಿ. ಹೋದಾಗ ಹಲ್ಲಿಗಿಂತ ಮೊದಲು ಹಿಂಗಾಲಿನ ಬಳಿ ಕುಳಿತು, ಆ ಬಿಳಿ ಕೂದಲೊಳಗೆ ನಾಲ್ಕೂ ಬೆರಳು ಇಳಿಸಿ ನೋಡಿ. ಮಾರುವವರು ಬೇಡವೆಂದರೆ ಹಾಗೆಯೇ ಎದ್ದು ಬನ್ನಿ.