ಬದಿಯಡ್ಕದಲ್ಲಿ ತಂದ ಬೇವಿನ ಎಣ್ಣೆ, ಸೊಳ್ಳೆಗೆ ಹೇಗೆ?

ಮಳೆ ಶುರುವಾದರೆ ನಮ್ಮ ಅಡಿಕೆ ತೋಟದಲ್ಲಿ ನಿಲ್ಲುವುದಕ್ಕೇ ಆಗುವುದಿಲ್ಲ, ಬಿದ್ದ ಹಾಳೆಯಲ್ಲೆಲ್ಲ ನೀರು ನಿಂತು ಸೊಳ್ಳೆಯೋ ಸೊಳ್ಳೆ. ಹಾಳೆ ಕವುಚಿ ಹಾಕುವುದನ್ನಂತೂ ಬಿಡಬಾರದು, ಡೆಂಗ್ಯೂ ಸೊಳ್ಳೆ ಹುಟ್ಟುವುದು ಅಲ್ಲೇ. ಈ ಸಲ ಬದಿಯಡ್ಕ ಪೇಟೆಯ ಆಯುರ್ವೇದ ಅಂಗಡಿಯಿಂದ ಬೇವಿನ ಎಣ್ಣೆ ತಂದೆ. 10 ಚಮಚ ತೆಂಗಿನೆಣ್ಣೆಗೆ ಅರ್ಧ ಚಮಚ ಸಾಕು. ಎಣ್ಣೆ ಒಳ್ಳೆಯದಿದೆ, ಬಾಟಲಿ ತೆರೆದ ಕೂಡಲೇ ಬೆಳ್ಳುಳ್ಳಿಯಂಥ ಆ ಗಾಟು ವಾಸನೆ ಬರುತ್ತದೆ ಅಲ್ವಾ, ಅದು ಸರಿಯಾಗಿಯೇ ಬಂತು. ಕಾಲಿಗೆ ಹಚ್ಚಿಕೊಂಡರೆ ನನಗೆ ಸುಮಾರು ಎರಡು ಗಂಟೆ ನೆಮ್ಮದಿ, ಬೆವರು ಜಾಸ್ತಿಯಾದರೆ ಅಷ್ಟೂ ಇಲ್ಲ, ಮತ್ತೆ ಹಚ್ಚಬೇಕು. ಮೊದಲು ಮೊಣಕೈ ಒಳಬದಿಗೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ಪುಟ್ಟ ಮಕ್ಕಳಿಗೆ ಬೇಡ, ಹೊಟ್ಟೆಗೆ ಹೋದರೆ ಅಪಾಯ. ನಾನು ಇನ್ನೊಂದು ಬಾಟಲಿ ತರುತ್ತೇನೆ.