ಮಹಡಿಯ ಮೇಲೆ, ನೆಲಮಾಳಿಗೆಯಲ್ಲಿ: ಎರಡು ಧಾರಾವಾಹಿಗಳನ್ನು ಪೂರ್ತಿ ನೋಡಿದ ಮೇಲೆ

ಕಳೆದ ಮಳೆಗಾಲದಿಂದ ಈ ವರ್ಷದ ಯುಗಾದಿಯವರೆಗೆ, ರಾತ್ರಿಯ ಊಟವಾದ ಮೇಲೆ, ಅಮ್ಮನೂ ನಾನೂ ಕೂತು ಇಂಗ್ಲೆಂಡಿನ ಎರಡು ದೊಡ್ಡ ಮನೆಗಳ ಕಥೆಯನ್ನು ಒಂದಾದ ಮೇಲೊಂದರಂತೆ ನೋಡಿ ಮುಗಿಸಿದೆವು. ಮೊದಲು ನೋಡಿದ್ದು 2010ರಿಂದ 2015ರವರೆಗೆ ಬಂದ, 52 ಕಂತುಗಳ ‘ಡೌನ್‌ಟನ್ ಆ್ಯಬಿ’. ಆಮೇಲೆ ನೋಡಿದ್ದು ಅದಕ್ಕಿಂತ ಸುಮಾರು ನಲವತ್ತು ವರ್ಷ ಹಿಂದೆ, 1971ರಿಂದ 1975ರವರೆಗೆ, ಅದೇ ಐಟಿವಿ ಎಂಬ ಬ್ರಿಟಿಷ್ ವಾಹಿನಿಯಲ್ಲಿ ಪ್ರಸಾರವಾಗಿದ್ದ 68 ಕಂತುಗಳ ‘ಅಪ್‌ಸ್ಟೇರ್ಸ್, ಡೌನ್‌ಸ್ಟೇರ್ಸ್’. ಎರಡರಲ್ಲೂ ಮಹಡಿಯ ಮೇಲೆ ಸಿರಿವಂತ ಕುಟುಂಬ, ನೆಲಮಾಳಿಗೆಯಲ್ಲಿ ಆಳುಗಳು. ಎರಡರಲ್ಲೂ ಟೈಟಾನಿಕ್ ಹಡಗಿನ ದುರಂತ ಮನೆಯ ಬಾಗಿಲಿಗೆ ಬರುತ್ತದೆ, ಮೊದಲ ಮಹಾಯುದ್ಧ ಮನೆಯ ಗಂಡಸರನ್ನು ಕರೆದೊಯ್ಯುತ್ತದೆ. ಇಷ್ಟು ಸಾಮ್ಯವಿದ್ದರೂ ಅವು ನಮ್ಮನ್ನು ಹಿಡಿದಿಟ್ಟ ಬಗೆ ಬೇರೆ. ನನ್ನ ಒಲವು ಹಳೆಯದರ ಕಡೆಗಿದೆ, ಅಮ್ಮನದು ಹೊಸದರ ಕಡೆಗೆ.

‘ಡೌನ್‌ಟನ್ ಆ್ಯಬಿ’ ಕಣ್ಣಿಗೆ ಹಬ್ಬ ಎನ್ನುವುದರಲ್ಲಿ ಎರಡು ಮಾತಿಲ್ಲ. ಹ್ಯಾಂಪ್‌ಶೈರಿನ ಹೈಕ್ಲೇರ್ ಕ್ಯಾಸಲ್ ಎಂಬ ನಿಜವಾದ ಅರಮನೆಯಲ್ಲಿ ಅದರ ಮೇಲಂತಸ್ತಿನ ದೃಶ್ಯಗಳ ಚಿತ್ರೀಕರಣ ನಡೆದಿದೆ. ಅಡುಗೆಮನೆಯನ್ನು ಮಾತ್ರ ಈಲಿಂಗ್ ಸ್ಟುಡಿಯೋದಲ್ಲಿ ಕಟ್ಟಿದ್ದರು. ಆದರೆ ನಮ್ಮನ್ನು ಮೊದಲ ರಾತ್ರಿಯೇ ಸೆಳೆದದ್ದು ಅರಮನೆಯಲ್ಲ, 1912ರ ಏಪ್ರಿಲ್‌ನ ಒಂದು ಬೆಳಗಿನಲ್ಲಿ ಒಡೆಯರು ಏಳುವ ಮೊದಲೇ ಆ ಮನೆ ಎಚ್ಚರಗೊಳ್ಳುವ ರೀತಿ. ಅಡುಗೆಮನೆಯ ಹುಡುಗಿ ಡೇಸಿ ಕೋಣೆಯಿಂದ ಕೋಣೆಗೆ ಹೋಗಿ ಬೆಂಕಿ ಹೊತ್ತಿಸುತ್ತಾಳೆ, ಕಿಟಕಿಗಳು ತೆರೆದುಕೊಳ್ಳುತ್ತವೆ, ಕೆಳಗೆ ದಿನಪತ್ರಿಕೆಗೆ ಇಸ್ತ್ರಿ ಹಾಕಲಾಗುತ್ತದೆ. “ಪೇಪರಿಗೂ ಇಸ್ತ್ರಿನಾ!” ಎಂದು ಅಮ್ಮ ಬೆರಗಾದರು. ಡೇಸಿಯೂ ಅದನ್ನೇ ಕೇಳುತ್ತಾಳೆ. ಶಾಯಿ ಒಣಗಲೆಂದು ಹಾಗೆ ಮಾಡುವುದು, ಇಲ್ಲದಿದ್ದರೆ ದೊರೆಯ ಕೈಯೂ ನಿನ್ನ ಕೈಯಂತೆ ಕಪ್ಪಾದೀತು ಎಂಬ ಉತ್ತರ ಅವಳಿಗೆ ಸಿಗುತ್ತದೆ. ಇಂಥ ಕಥೆಗಳ ನಿಜವಾದ ಆಕರ್ಷಣೆ ಇಲ್ಲಿದೆ ಎಂದು ನಾನು ನಂಬುತ್ತೇನೆ: ಒಂದು ದೊಡ್ಡ ಮನೆ ತಾನಾಗಿ ನಡೆಯುವುದಿಲ್ಲ, ಅದನ್ನು ಯಾರೋ ನಸುಕಿನಿಂದ ನಡುರಾತ್ರಿಯವರೆಗೆ ನಡೆಸುತ್ತಿರುತ್ತಾರೆ, ಆ ಕೈಗಳನ್ನು ನಮಗೆ ತೋರಿಸಲಾಗುತ್ತದೆ. ಆ ಕಾಲದ ಇಂಗ್ಲೆಂಡಿನಲ್ಲಿ ದುಡಿಯುವ ಹೆಂಗಸರು ಅತಿ ಹೆಚ್ಚು ಸಂಖ್ಯೆಯಲ್ಲಿದ್ದದ್ದು ಮನೆಗೆಲಸದಲ್ಲೇ.

ಆದರೆ ಕಂತುಗಳು ಮುಂದುವರಿದ ಹಾಗೆ ‘ಡೌನ್‌ಟನ್’ ಆ ಕೈಗಳಿಂದ ಕಣ್ಣು ತೆಗೆದು, ಒಡೆಯರ ಒಳ್ಳೆಯತನದ ಕಡೆಗೆ ತಿರುಗುತ್ತದೆ. ಕಾಲು ಕುಂಟುವ ಆಳು ಬೇಟ್ಸ್‌ನನ್ನು ಕೆಲಸದಿಂದ ಬಿಡಿಸಿ ಕಳುಹಿಸುವಾಗ ಮನೆಯ ಒಡೆಯನಾದ ಅರ್ಲ್ ತಾನೇ ಓಡಿ ಹೋಗಿ ಕಾರನ್ನು ನಿಲ್ಲಿಸುತ್ತಾನೆ. ಗ್ವೆನ್ ಎಂಬ ಕೆಲಸದಾಕೆ ಗುಟ್ಟಾಗಿ ಟೈಪಿಂಗ್ ಕಲಿತು ಬೇರೆ ನೌಕರಿ ಹುಡುಕುವಾಗ, ಮನೆಯ ಕಿರಿಯ ಮಗಳು ಸಿಬಿಲ್ ಅವಳ ಬೆನ್ನಿಗೆ ನಿಲ್ಲುತ್ತಾಳೆ. ಎರಡೂ ಸುಂದರ ದೃಶ್ಯಗಳು, ನನ್ನ ಕಣ್ಣೂ ತುಂಬಿತ್ತು. ಆದರೂ ಪ್ರತಿ ಕಷ್ಟಕ್ಕೂ ಮಹಡಿಯಿಂದಲೇ ಪರಿಹಾರ ಇಳಿದು ಬರುವುದನ್ನು ನೋಡುತ್ತ ನೋಡುತ್ತ ನನಗೆ ಸಮಾಧಾನ ತಪ್ಪಿತು.

ಹಳೆಯ ಧಾರಾವಾಹಿ ಆರಂಭವಾಗುವುದೇ ಬಾಗಿಲಿನಿಂದ. 1903ರಲ್ಲಿ, ಲಂಡನ್ನಿನ 165, ಈಟನ್ ಪ್ಲೇಸ್ ಎಂಬ ಮನೆಗೆ ಕೆಲಸ ಕೇಳಿಕೊಂಡು ಬಂದ ಹುಡುಗಿಯೊಬ್ಬಳು ತಿಳಿಯದೆ ಮುಂಬಾಗಿಲಿಗೆ ಹೋಗುತ್ತಾಳೆ. ಅವಳಿಗಿರುವುದು ಕೆಳಗಿನ ಬಾಗಿಲು. ಅವಳು ತನ್ನ ಹೆಸರು ಕ್ಲೆಮೆನ್ಸ್ ಎನ್ನುತ್ತಾಳೆ. ಅದು ಆಳಿಗೆ ಒಪ್ಪುವ ಹೆಸರಲ್ಲವೆಂದು ಒಡತಿ ಲೇಡಿ ಮಾರ್ಜೊರಿ ಅವಳನ್ನು ಸಾರಾ ಎಂದು ಕರೆಯಲು ತೀರ್ಮಾನಿಸುತ್ತಾಳೆ. ದನಿ ಏರಿಸುವುದಿಲ್ಲ, ಬಯ್ಯುವುದಿಲ್ಲ. ಪರದೆಯ ಬಟ್ಟೆ ಆರಿಸುವಷ್ಟೇ ಸಹಜವಾಗಿ ಹೆಸರು ಬದಲಿಸುತ್ತಾಳೆ. ಆ ಮಾತು ಮುಗಿದ ಮೇಲೂ ನನಗೆ ಆ ಹುಡುಗಿಯ ಮುಖದಿಂದ ದೃಷ್ಟಿ ಕೀಳಲಾಗಲಿಲ್ಲ. ಅದೇ ಮೊದಲ ಸರಣಿಯಲ್ಲಿ ಎಮಿಲಿ ಎಂಬ ಅಡುಗೆಮನೆಯ ಹುಡುಗಿ ಪ್ರೇಮದಲ್ಲಿ ಸೋತು ಪ್ರಾಣ ಬಿಡುತ್ತಾಳೆ, ಅವಳನ್ನು ಉಳಿಸಲು ಮಹಡಿಯಿಂದ ಯಾರೂ ಇಳಿದು ಬರುವುದಿಲ್ಲ.

ಈ ವ್ಯತ್ಯಾಸಕ್ಕೆ ಕಾರಣ ಅವನ್ನು ಹುಟ್ಟುಹಾಕಿದವರಲ್ಲೂ ಇರಬೇಕು. ‘ಡೌನ್‌ಟನ್’ ಬರೆದ ಜೂಲಿಯನ್ ಫೆಲೋಸ್ 2011ರಲ್ಲಿ ಬ್ರಿಟಿಷ್ ಸಂಸತ್ತಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನ ಸದಸ್ಯರಾದವರು. ಹಳೆಯದನ್ನು ಕಲ್ಪಿಸಿದವರು ಜೀನ್ ಮಾರ್ಷ್ ಮತ್ತು ಐಲೀನ್ ಆಟ್ಕಿನ್ಸ್ ಎಂಬ ಇಬ್ಬರು ನಟಿಯರು. ಅವರ ಹೆತ್ತವರಲ್ಲಿ ಅಂಥ ಮನೆಗಳಲ್ಲಿ ದುಡಿದವರಿದ್ದರು. ಮಾರ್ಷ್ ತಾವೇ ಕೆಲಸದಾಕೆ ರೋಸ್ ಪಾತ್ರವನ್ನು ವಹಿಸಿದರು.

ಅಮ್ಮನ ಮಾತಿನಲ್ಲೂ ನ್ಯಾಯವಿದೆ. ಹಳೆಯದು ಬಹುಪಾಲು ಸ್ಟುಡಿಯೋದ ನಾಲ್ಕು ಗೋಡೆಗಳ ನಡುವೆ ನಡೆಯುವಂಥದ್ದು. ದೃಶ್ಯಗಳು ರಂಗನಾಟಕದಂತೆ ನಿಧಾನವಾಗಿ ಸಾಗುತ್ತವೆ. ಬಣ್ಣದ ಪ್ರಸಾರದ ವಿಷಯದಲ್ಲಿ ಸಿಬ್ಬಂದಿಯ ಮುಷ್ಕರ ನಡೆದಿದ್ದರಿಂದ ಆರಂಭದ ಕೆಲವು ಕಂತುಗಳು ಕಪ್ಪು ಬಿಳುಪಿನಲ್ಲೇ ತಯಾರಾದವು. “ದಿನವೆಲ್ಲ ದಣಿದು ಕೂತಾಗ ನನಗೆ ಆ ಅಜ್ಜಿಯ ಮಾತು ಸಾಕು” ಎನ್ನುತ್ತಾರೆ ಅಮ್ಮ. ಆ ಅಜ್ಜಿ ಎಂದರೆ ಹೊಸದರಲ್ಲಿ ಮ್ಯಾಗಿ ಸ್ಮಿತ್ ಅಭಿನಯಿಸಿದ, ಅರ್ಲ್‌ನ ತಾಯಿ ವಯಲೆಟ್. ಅಂಥ ಒಬ್ಬರು ಹಳೆಯದರಲ್ಲಿ ಇಲ್ಲ, ಒಪ್ಪುತ್ತೇನೆ. 1882ರ ನ್ಯೂಯಾರ್ಕಿನಲ್ಲಿ ಆರಂಭವಾಗುವ, ಫೆಲೋಸ್ ಅವರದೇ ಆದ ‘ದ ಗಿಲ್ಡೆಡ್ ಏಜ್’ ಅನ್ನೂ ಕೆಲವು ರಾತ್ರಿ ನೋಡಿದೆವು. ಅಲ್ಲಿ ಹಳೆಯ ಹಣಕ್ಕೂ ಹೊಸ ಹಣಕ್ಕೂ ನಡೆಯುವ ಜಗಳವೇ ಮುಖ್ಯ, ನೆಲಮಾಳಿಗೆಗೆ ಸಿಕ್ಕಿರುವ ಜಾಗ ಕಡಿಮೆ.

ಎರಡರ ಮುಕ್ತಾಯವನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ನನ್ನ ಆಯ್ಕೆ ಇನ್ನಷ್ಟು ಗಟ್ಟಿಯಾಯಿತು. ‘ಡೌನ್‌ಟನ್’ನ ಕೊನೆಯಲ್ಲಿ ಆಳುಗಳ ಮುಖ್ಯಸ್ಥನಾದ ಬಟ್ಲರ್ ಕಾರ್ಸನ್‌ನ ಕೈ ನಡುಗತೊಡಗುತ್ತದೆ, ವೈನ್ ಬಡಿಸಲಾಗುವುದಿಲ್ಲ, ಅವನ ಜಾಗಕ್ಕೆ ಅವನ ಕೈಕೆಳಗೆ ದುಡಿದಿದ್ದ ಬ್ಯಾರೋ ಬರುತ್ತಾನೆ, ಹಿರಿಯನಿಗೆ ಗೌರವದ ವಿಶ್ರಾಂತಿ ಸಿಗುತ್ತದೆ, 1926ರ ಹೊಸ ವರ್ಷ ಹಾಡಿನೊಂದಿಗೆ ಬರುತ್ತದೆ, ಮನೆ ಉಳಿಯುತ್ತದೆ. ‘ಅಪ್‌ಸ್ಟೇರ್ಸ್, ಡೌನ್‌ಸ್ಟೇರ್ಸ್’ನಲ್ಲಿ 1929ರ ಷೇರುಪೇಟೆಯ ಕುಸಿತ ಮನೆಯ ಮಗನನ್ನು ಬಲಿ ತೆಗೆದುಕೊಳ್ಳುತ್ತದೆ, ಮನೆ ಮಾರಾಟವಾಗುತ್ತದೆ. ರೋಸ್ ಒಬ್ಬಳೇ ಖಾಲಿ ಕೋಣೆಗಳಲ್ಲಿ ಸುತ್ತುತ್ತಾಳೆ. ಅಷ್ಟು ವರ್ಷ ಅವಳು ಗುಡಿಸಿ ಒರೆಸಿದ ಕೋಣೆಗಳವು, ಅಲ್ಲಿ ಆಡಿದ ಮಾತುಗಳು ಅವಳ ಕಿವಿಗೆ ಮತ್ತೆ ಕೇಳಿಸುತ್ತವೆ. ಆ ರಾತ್ರಿ ಟಿವಿ ಆರಿಸಿದ ಮೇಲೆ ಅಮ್ಮ ಬಹಳ ಹೊತ್ತು ಏಳಲಿಲ್ಲ.